ಮಾವಿನ ಮರದ ಮೇಲೆ ಬಂದ ಆರೋಪ: ಒಂದು ಮನೆಯ ಟಿವಿ ರೆಕಾರ್ಡಿಂಗ್ ಪ್ರಕರಣ

ಶಿರಸಿಯಿಂದ ಸಿದ್ದಾಪುರದ ಕಡೆಗೆ ಹೋಗುವ ದಾರಿಯಲ್ಲಿ, ಮುಖ್ಯ ರಸ್ತೆಯಿಂದ ಒಳಗೆ ಇಳಿದರೆ ಸಿಗುವ ಅಡಿಕೆ ತೋಟದ ಮನೆ ನನ್ನ ಸೋದರಮಾವನದು. ಅಲ್ಲಿಗೆ ಕೇಬಲ್ ಬಂದಿಲ್ಲ. ಮೊಬೈಲಿನ ಸಿಗ್ನಲ್ ಅಂಗಳದ ಒಂದು ಮೂಲೆಯಲ್ಲಿ ಮಾತ್ರ ಸಿಗುತ್ತದೆ. ಆದ್ದರಿಂದ ತಿಂಗಳ ಬಾಡಿಗೆಯಿಲ್ಲದ ಡಿಡಿ ಫ್ರೀ ಡಿಶ್ ಒಂದೇ ಆ ಮನೆಯ ಟಿವಿಗೆ ಆಧಾರ. ಕೊಟ್ಟಿಗೆಯ ಮಾಡಿನ ಪಕ್ಕದ ಕಬ್ಬಿಣದ ಕಂಬಕ್ಕೆ 60 ಸೆಂಟಿಮೀಟರಿನ ಡಿಶ್, ಅಲ್ಲಿಂದ ಜಗಲಿಯವರೆಗೆ ಸುಮಾರು 25 ಮೀಟರ್ ಆರ್‌ಜಿ-6 ಕೇಬಲ್, ಜಗಲಿಯಲ್ಲಿ ಪೆನ್‌ಡ್ರೈವ್ ಸಿಕ್ಕಿಸಿ ಕಾರ್ಯಕ್ರಮ ರೆಕಾರ್ಡ್ ಮಾಡಬಹುದಾದ ಒಂದು ಸಾಧಾರಣ ಸೆಟ್‌ಟಾಪ್ ಬಾಕ್ಸ್: ಉಪಕರಣಗಳೆಂದರೆ ಇಷ್ಟೇ.

ಕಳೆದ ಅಕ್ಟೋಬರ್ ಆರಂಭದಲ್ಲಿ ಅತ್ತೆಯಿಂದ ಫೋನ್ ಬಂತು. ರಾತ್ರಿ 8ಕ್ಕೆ ಬರುವ ಯಕ್ಷಗಾನವನ್ನು ಅವರು ರೆಕಾರ್ಡ್‌ಗೆ ಹಾಕಿ ಮರುದಿನ ಮಧ್ಯಾಹ್ನ ಬಿಡುವಾದಾಗ ನೋಡುವುದು ವಾಡಿಕೆ. ಆ ರೆಕಾರ್ಡಿಂಗ್ ಅರ್ಧಕ್ಕೆ ನಿಲ್ಲುತ್ತಿತ್ತು, ಕೆಲವು ತೆರೆಯುತ್ತಲೇ ಇರಲಿಲ್ಲ. ಬೆಳಗಿನ 10.30ರ ಕಾರ್ಯಕ್ರಮದಲ್ಲಿ ದಿನವೂ ಒಂದೇ ಹೊತ್ತಿಗೆ ಚಿತ್ರ ಒಡೆಯುತ್ತಿತ್ತು. ಮಳೆ ಬಂದರೆ ಒಂದಿಷ್ಟು ವಾಹಿನಿಗಳು ಮಾಯವಾಗಿ ಮರುದಿನ ಮಧ್ಯಾಹ್ನದವರೆಗೂ ಬರುತ್ತಿರಲಿಲ್ಲ. ಇದಲ್ಲದೆ, ಒಂದು ದಿನ ಯಕ್ಷಗಾನದ ಬದಲು ನಡುರಾತ್ರಿಯ ಯಾವುದೋ ಜಾಹೀರಾತು ಎರಡು ಗಂಟೆ ರೆಕಾರ್ಡ್ ಆಗಿತ್ತು. ಪೇಟೆಯಿಂದ ಬಂದ ರಿಪೇರಿಯವರು ಮೊದಲ ಸಲ ಡಿಶ್ಶನ್ನು ಸ್ವಲ್ಪ ತಿರುಗಿಸಿದ್ದರು, ಎರಡನೆಯ ಸಲ ಡಿಶ್‌ನ ಮುಂದಿದ್ದು ಸಿಗ್ನಲ್ ಹಿಡಿದು ಕೇಬಲಿಗೆ ಕಳಿಸುವ ಎಲ್‌ಎನ್‌ಬಿಯನ್ನು ಬದಲಿಸಿ ಬಾಕ್ಸನ್ನು ಪೂರ್ತಿ ರೀಸೆಟ್ ಮಾಡಿದ್ದರು. ಎರಡರಿಂದಲೂ ಏನೂ ಆಗದೆ ಇದ್ದಾಗ, ಡಿಶ್‌ಗೆ ಎದುರಾಗಿ ಎಂಟು ಮೀಟರ್ ದೂರದಲ್ಲಿರುವ ಮಾವಿನ ಮರವೇ ಅಡ್ಡ ಬರುತ್ತಿದೆ ಎಂಬ ತೀರ್ಮಾನಕ್ಕೆ ಎಲ್ಲರೂ ಬಂದರು. ಆ ಮರ ಅತ್ತೆ ನೆಟ್ಟದ್ದು, ಅಪ್ಪೆಮಿಡಿಯ ಮರ.

"ತಮ್ಮಾ, ಮರ ಕಡಿಯುವ ಮೊದಲು ನೀನು ಒಮ್ಮೆ ಬಂದು ನೋಡು" ಎಂದರು ಅತ್ತೆ. ಮಾವ ಹಿಂದಿನಿಂದ, "ಆಳಿಗೆ ಹೇಳಿ ಆಗಿದೆ" ಎನ್ನುವುದು ಕೇಳಿಸಿತು. ಅಕ್ಟೋಬರ್ 4ರಂದು ನಾನು ಅಲ್ಲಿ ತಲುಪಿದೆ.

ಇಂಥ ತೊಂದರೆಗಳಲ್ಲಿ ಸಾಮಾನ್ಯವಾಗಿ ಎಲ್ಲ ದೂರುಗಳಿಗೂ ಒಂದೇ ಕಾರಣವನ್ನು ಹುಡುಕಲಾಗುತ್ತದೆ, ಮತ್ತು ಆ ಹುಡುಕಾಟ ಯಾವಾಗಲೂ ಡಿಶ್‌ನಿಂದ ಶುರುವಾಗುತ್ತದೆ, ಏಕೆಂದರೆ ಕಣ್ಣಿಗೆ ಕಾಣುವುದು ಅದೇ. ನಾನು ಹಾಗೆ ಮಾಡದಿರಲು ಜಾಣತನ ಕಾರಣವಲ್ಲ. ನಾನು ಹೋದಾಗ ಮಳೆ ಬರುತ್ತಿತ್ತು, ಏಣಿ ಹತ್ತುವ ಹಾಗಿರಲಿಲ್ಲ. ಹಾಗಾಗಿ ಪೆನ್‌ಡ್ರೈವನ್ನು ಕಿತ್ತು ಲ್ಯಾಪ್‌ಟಾಪಿಗೆ ಹಾಕಿ ಕುಳಿತೆ. ಹಣ ಕೊಟ್ಟು ನೋಡುವ ಡಿಟಿಎಚ್ ಸೇವೆಗಳಲ್ಲಿ ರೆಕಾರ್ಡಿಂಗ್ ಸಾಮಾನ್ಯವಾಗಿ ಗೂಢಲಿಪಿಯಲ್ಲಿದ್ದು ಅದೇ ಬಾಕ್ಸಿನಲ್ಲಿ ಮಾತ್ರ ತೆರೆಯುತ್ತದೆ. ಉಚಿತ ವಾಹಿನಿಗಳ ಈ ಬಾಕ್ಸಿನಲ್ಲಿ ಹಾಗಿಲ್ಲ. ಉಪಗ್ರಹದಿಂದ ಬಂದದ್ದು ಬಂದ ಹಾಗೆಯೇ ಕಡತವಾಗುತ್ತದೆ. ಎಲ್ಲಿ ಏನಾಯಿತು ಎಂಬುದು ನಿಮಿಷದ ಲೆಕ್ಕದಲ್ಲಿ ಆ ಕಡತದಲ್ಲೇ ಉಳಿದಿರುತ್ತದೆ. ನೋಡುತ್ತಿದ್ದವರ ನೆನಪಿಗಿಂತ ಇದು ಹೆಚ್ಚು ನಂಬತಕ್ಕ ಸಾಕ್ಷಿ.

ಆ ಸಾಕ್ಷಿಯನ್ನು ಓದುವ ಬಗೆ ಹೀಗೆ. ಡಿಜಿಟಲ್ ಪ್ರಸಾರವು 188 ಬೈಟ್‌ಗಳ ಸಣ್ಣ ಸಣ್ಣ ಪೊಟ್ಟಣಗಳಾಗಿ ಬರುತ್ತದೆ. ಪ್ರತಿ ಪೊಟ್ಟಣದ ಮೊದಲ ಬೈಟ್ ಹದಿನಾರರ ಎಣಿಕೆಯಲ್ಲಿ 47 ಎಂದೇ ಇರಬೇಕು; ಜೊತೆಗೆ ಆಯಾ ಧಾರೆಗೆ 0ಯಿಂದ 15ರವರೆಗೆ ಎಣಿಸಿ ಮತ್ತೆ 0ಗೆ ಮರಳುವ ಒಂದು ಕ್ರಮಸಂಖ್ಯೆ ಇರುತ್ತದೆ. ಆಕಾಶದಿಂದ ಬರುವಾಗ ಸಿಗ್ನಲ್ ಕೆಟ್ಟರೆ ಪೊಟ್ಟಣಗಳು ಕಳೆದುಹೋಗಿ ಕ್ರಮಸಂಖ್ಯೆ 5ರಿಂದ 11ಕ್ಕೆ ಜಿಗಿಯುವಂಥ ಗುರುತು ಉಳಿಯುತ್ತದೆ, ಆದರೆ ಉಳಿದ ಪೊಟ್ಟಣಗಳು 47ರಿಂದಲೇ ಆರಂಭವಾಗುತ್ತಿರುತ್ತವೆ. ಸಿಗ್ನಲ್ ಸರಿಯಾಗಿ ಬಂದು, ಬರೆದಿಡುವ ಜಾಗದಲ್ಲಿ ದೋಷವಿದ್ದರೆ 47 ಎಂಬುದೇ ಕಾಣುವುದಿಲ್ಲ. ಸೊನ್ನೆಗಳ ಸಾಲೋ ಕಸವೋ ಇರುತ್ತದೆ. ಪರದೆಯ ಮೇಲೆ ಎರಡೂ "ಚಿತ್ರ ನಿಂತಿತು" ಎಂದೇ ಕಾಣುತ್ತವೆ. ಕಡತದೊಳಗೆ ಮಾತ್ರ ಎರಡರ ಚಹರೆ ಬೇರೆ.

ಪೆನ್‌ಡ್ರೈವಿನಲ್ಲಿ ಸೆಪ್ಟೆಂಬರ್ 26ರ ರಾತ್ರಿಯ ಎರಡು ಗಂಟೆಗಳ ಯಕ್ಷಗಾನ ಮೊದಲನೆಯದಾಗಿತ್ತು. ಗಾತ್ರ 3 ಜಿಬಿ, ಆರಂಭದಿಂದ ಕೊನೆಯವರೆಗೆ ದೋಷವಿಲ್ಲ. ಅನಂತರ 27, 28, 29 ಮತ್ತು 30ರ ಬೆಳಗಿನ ನಾಲ್ಕು ರೆಕಾರ್ಡಿಂಗ್, ಅರ್ಧರ್ಧ ಗಂಟೆಯವು. ಆ ಮೇಲೆ 30ರ ರಾತ್ರಿಯ ಯಕ್ಷಗಾನ, ಅದು ಒಂದು ಗಂಟೆ ಹತ್ತು ನಿಮಿಷಕ್ಕೆ ನಿಲ್ಲುತ್ತಿತ್ತು. ಅಕ್ಟೋಬರ್ ತಿಂಗಳಿನ ಒಂದು ಕಡತವೂ ತೆರೆಯಲಿಲ್ಲ, ಆದರೆ ಎಲ್ಲವುಗಳ ಹೆಸರೂ ಗಾತ್ರವೂ ಸರಿಯಾಗಿಯೇ ತೋರುತ್ತಿದ್ದವು.

30ರ ರಾತ್ರಿ ಗುಡುಗು ಮಳೆ ಬಂದಿತ್ತು ಎಂದು ಮಾವ ಖಚಿತವಾಗಿ ಹೇಳಿದರು. ಅವರ ಮಾತು ನಿಜವೆಂದು ಕಡತವೂ ಹೇಳಿತು: ಒಂದು ಗಂಟೆ ಏಳನೆಯ ನಿಮಿಷದ ಸುಮಾರಿಗೆ ಕ್ರಮಸಂಖ್ಯೆಗಳು ಎಲ್ಲೆಂದರಲ್ಲಿ ಜಿಗಿದಿದ್ದವು, ಚಂಡೆಯ ಪೆಟ್ಟುಗಳ ನಡುವೆ ಕಿಚ್ ಕಿಚ್ ಎನ್ನುವ ಸದ್ದಿತ್ತು, ವೇಷಧಾರಿಯ ಮುಖ ಚೌಕಚೌಕವಾಗಿ ಒಡೆದಿತ್ತು. ಆದರೆ ಮುಕ್ಕಾಲು ನಿಮಿಷದಲ್ಲಿ ಚಿತ್ರ ಪೂರ್ತಿ ಸರಿಹೋಗಿ, ಮುಂದಿನ ಎರಡು ನಿಮಿಷ ನಿರ್ಮಲವಾಗಿ ಓಡಿ, ಆಮೇಲೆ ಭಾಗವತರ ಪದದ ನಡುವೆಯೇ ನಿಂತಿತ್ತು. ನಿಂತ ಜಾಗದಿಂದ ಮುಂದೆ ಬರೀ ಸೊನ್ನೆಗಳು. ಮಳೆಯೂ ರೆಕಾರ್ಡಿಂಗ್ ನಿಂತದ್ದೂ ಎರಡು ನಿಮಿಷಗಳ ಅಂತರದಲ್ಲಿ ನಡೆದದ್ದರಿಂದ ಇಡೀ ಮನೆ ಅವೆರಡನ್ನೂ ಗಂಟು ಹಾಕಿತ್ತು. ಅದು ಕಾಕತಾಳೀಯ.

ಲೆಕ್ಕ ಹಾಕುವುದು ಕಷ್ಟವಾಗಲಿಲ್ಲ. ಮೊದಲ ಯಕ್ಷಗಾನ 3 ಜಿಬಿ, ನಾಲ್ಕು ಬೆಳಗಿನವು ಸೇರಿ ಮತ್ತೆ 3 ಜಿಬಿ, ಎರಡನೆಯ ಯಕ್ಷಗಾನದ ಸರಿಯಾದ ಭಾಗ ಸುಮಾರು 1.8 ಜಿಬಿ. ಒಟ್ಟು 7.8. ಪೆನ್‌ಡ್ರೈವಿನ ಮೈಮೇಲೆ 64 ಜಿಬಿ ಎಂದು ಅಚ್ಚಾಗಿತ್ತು, ಕಂಪ್ಯೂಟರೂ ಅಷ್ಟೇ ಎನ್ನುತ್ತಿತ್ತು. ಆಗಸ್ಟಿನಲ್ಲಿ ಆನ್‌ಲೈನಿನಲ್ಲಿ ಅಗ್ಗಕ್ಕೆ ಸಿಕ್ಕಿತೆಂದು ಮಾವ ತರಿಸಿದ್ದು. ಇಂಥ ನಕಲಿ ಪೆನ್‌ಡ್ರೈವಿನಲ್ಲಿ ಒಳಗಿನ ಚಿಪ್ 8 ಜಿಬಿಯದಾಗಿದ್ದು, ಅದನ್ನು ನಿಯಂತ್ರಿಸುವ ತಂತ್ರಾಂಶ ಮಾತ್ರ 64 ಎಂದು ಸುಳ್ಳು ಹೇಳುತ್ತಿರುತ್ತದೆ. ಕಡತಗಳ ಹೆಸರು ಮತ್ತು ಗಾತ್ರದ ಪಟ್ಟಿ ಆರಂಭದ ನಿಜವಾದ ಜಾಗದಲ್ಲೇ ಇರುವುದರಿಂದ ಅದು ಕೆಡುವುದಿಲ್ಲ. 8 ಜಿಬಿ ದಾಟಿದ ಮೇಲಿನ ಬರಹವೆಲ್ಲ ಬರೆದಂತೆ ನಟಿಸಿ ಬಿಟ್ಟುಬಿಡುವಂಥದ್ದು. ಹೀಗೆ ನಟಿಸದೆ ಮೊದಲಿನಿಂದ ಸುತ್ತಿ ಬಂದು ಹಳೆಯದರ ಮೇಲೆ ಹೊಸದನ್ನು ಬರೆಯುವ ಜಾತಿಯೂ ಇದೆ. ಅದರಲ್ಲಿ ಒಂದು ಕಾರ್ಯಕ್ರಮದ ಹೊಟ್ಟೆಯೊಳಗೆ ಇನ್ನೊಂದು ಕಾಣಿಸಿಕೊಂಡು ಗಾಬರಿ ಹುಟ್ಟಿಸುತ್ತದೆ.

ಊಹೆಯ ಮೇಲೆ ನಿಲ್ಲಬಾರದೆಂದು, ಉಳಿದಿದ್ದ ರೆಕಾರ್ಡಿಂಗ್‌ಗಳನ್ನು ಲ್ಯಾಪ್‌ಟಾಪಿಗೆ ಇಳಿಸಿಕೊಂಡು ರಾತ್ರಿ ಎಫ್3 ಎಂಬ ಉಚಿತ ಸಾಧನದಿಂದ ಪರೀಕ್ಷೆಗೆ ಹಚ್ಚಿದೆ. ವಿಂಡೋಸ್ ಬಳಸುವವರಿಗೆ ಎಚ್2ಟೆಸ್ಟ್‌ಡಬ್ಲ್ಯೂ ಎಂಬುದು ಇದೇ ಕೆಲಸ ಮಾಡುತ್ತದೆ. ಪೆನ್‌ಡ್ರೈವ್ ತುಂಬುವಷ್ಟು ಗೊತ್ತಿರುವ ಬರಹವನ್ನು ಬರೆದು, ಅದನ್ನೇ ಮರಳಿ ಓದಿ ತಾಳೆ ನೋಡುವುದು ಇದರ ಕ್ರಮ. ಸೆಕೆಂಡಿಗೆ 5 ಎಂಬಿ ಬರೆಯುವ ಪೆನ್‌ಡ್ರೈವ್ ಆದ್ದರಿಂದ ಬರೆಯುವುದಕ್ಕೇ ಮೂರೂವರೆ ಗಂಟೆ ಹಿಡಿಯಿತು. ನಡುವೆ ಕರೆಂಟು ಎರಡು ಸಲ ಹೋಯಿತು, ಲ್ಯಾಪ್‌ಟಾಪಿನ ಬ್ಯಾಟರಿ ಕಾಪಾಡಿತು. ಬೆಳಗ್ಗೆ ನೋಡಿದರೆ, ಉಳಿದಿದ್ದ ಬರಹ 8 ಜಿಬಿಗಿಂತ ತುಸು ಕಡಿಮೆ, ಮಿಕ್ಕದ್ದೆಲ್ಲ ನಷ್ಟ. ಪೆನ್‌ಡ್ರೈವಿನ ವೇಗದ ಮೇಲೆ ಸಂಶಯಪಡುವವರು ಬಹಳ, ಆದರೆ ಈ ವಾಹಿನಿಯ ರೆಕಾರ್ಡಿಂಗ್‌ಗೆ ಸೆಕೆಂಡಿಗೆ ಅರ್ಧ ಎಂಬಿಯೂ ಬೇಕಾಗಿರಲಿಲ್ಲ. ವೇಗ ಸಾಕಷ್ಟಿತ್ತು, ಜಾಗ ಇರಲಿಲ್ಲ.

ನಡುರಾತ್ರಿಯ ಜಾಹೀರಾತಿನ ರಹಸ್ಯ ಇದಕ್ಕಿಂತ ಸುಲಭದ್ದು. ಪ್ರಸಾರದ ಜೊತೆಗೆ ಬರುವ ಸಮಯ ಗ್ರೀನಿಚ್ ಲೆಕ್ಕದ್ದು. ಅದಕ್ಕೆ ಐದೂವರೆ ಗಂಟೆ ಕೂಡಿಸಬೇಕೆಂಬುದನ್ನು ಬಾಕ್ಸಿಗೆ ನಾವು ಹೇಳಿಕೊಡಬೇಕು. ರಿಪೇರಿಯವರು ಬಾಕ್ಸನ್ನು ರೀಸೆಟ್ ಮಾಡಿದಾಗ ಆ ಅಂತರ ಸೊನ್ನೆಗೆ ಹೋಗಿತ್ತು. ರಾತ್ರಿ 8ಕ್ಕೆ ಹಾಕಿದ ಟೈಮರ್ ನಮ್ಮ ಸಮಯ 1.30ಕ್ಕೆ ಎದ್ದು ತನ್ನ ಕೆಲಸವನ್ನು ನಿಷ್ಠೆಯಿಂದ ಮಾಡಿತ್ತು. ಗಡಿಯಾರ ತಪ್ಪಿದ್ದನ್ನು ಮರುದಿನ ಅತ್ತೆಯೇ ಕಂಡು ಸರಿಪಡಿಸಿದ್ದರು. ಅದಕ್ಕೂ ಜಾಹೀರಾತಿಗೂ ಸಂಬಂಧವಿದೆಯೆಂದು ಯಾರಿಗೂ ಹೊಳೆದಿರಲಿಲ್ಲ.

ಬೆಳಗಿನ ಹತ್ತೂ ಐವತ್ತರ ಒಡಕು

ಉಳಿದ ನಾಲ್ಕು ಬೆಳಗಿನ ಕಡತಗಳಲ್ಲಿ ನನಗೆ ಅತ್ಯಂತ ಕುತೂಹಲ ಹುಟ್ಟಿಸಿದ್ದು ಅವುಗಳ ಶಿಸ್ತು. ನಾಲ್ಕರಲ್ಲೂ ಒಡಕು 24ನೆಯ ನಿಮಿಷದ ಆಚೀಚೆ, ಅಂದರೆ 10.54ರ ಸುಮಾರಿಗೆ ಬೀಳುತ್ತಿತ್ತು. 27ರಂದು ಎರಡು ನಿಮಿಷ, 28ರಂದು ಐದು, 29ರಂದು ಆರು, 30ರಂದು ಮತ್ತೆ ನಾಲ್ಕು. 47ರ ಸಾಲು ನೆಟ್ಟಗಿದ್ದು ಕ್ರಮಸಂಖ್ಯೆ ಮಾತ್ರ ಹರಿದಿತ್ತು; ಆದ್ದರಿಂದ ಇದು ಪೆನ್‌ಡ್ರೈವಿನ ದೋಷವಲ್ಲ, ಆಕಾಶದಿಂದಲೇ ಬಂದದ್ದು. ಆ ನಾಲ್ಕೂ ಬೆಳಗು ಬಿಸಿಲಿತ್ತು ಎಂದು ಅಡಿಕೆ ಕೊಳೆಯ ಚಿಂತೆಯಲ್ಲಿದ್ದ ಮಾವ ನೆನಪಿಟ್ಟುಕೊಂಡಿದ್ದರು. ದಿನವೂ ಅದೇ ಹೊತ್ತಿಗೆ ಬಂದು, ಏರಿ, ಇಳಿಯುವ ತೊಂದರೆ ಮನುಷ್ಯರದ್ದಾಗಿರುವುದು ಅಪರೂಪ.

ಫ್ರೀ ಡಿಶ್‌ನ ವಾಹಿನಿಗಳು ಬರುವುದು ಪೂರ್ವ ರೇಖಾಂಶ 93.5 ಡಿಗ್ರಿಯಲ್ಲಿ ನಿಂತಿರುವ ಜಿಸ್ಯಾಟ್-15 ಉಪಗ್ರಹದಿಂದ. 2015ರ ನವೆಂಬರಿನಲ್ಲಿ ಫ್ರೆಂಚ್ ಗಯಾನಾದ ಕೌರುವಿನಿಂದ ಹಾರಿದ ಈ ಉಪಗ್ರಹದ ಲಗಾಮು ಇರುವುದು ನಮ್ಮ ಹಾಸನದ ಇಸ್ರೋ ಕೇಂದ್ರದಲ್ಲಿ. ಭೂಮಧ್ಯರೇಖೆಯ ಮೇಲೆ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿರುವ ಅದು ಶಿರಸಿಯಿಂದ ನೋಡಿದಾಗ ಆಗ್ನೇಯ ದಿಕ್ಕಿನಲ್ಲಿ, ನಿಖರವಾಗಿ ಹೇಳುವುದಾದರೆ ಉತ್ತರದಿಂದ 127 ಡಿಗ್ರಿ ತಿರುಗಿದಾಗ, ದಿಗಂತದಿಂದ 62 ಡಿಗ್ರಿ ಎತ್ತರದಲ್ಲಿ ಸಿಗುತ್ತದೆ. ವರ್ಷಕ್ಕೆ ಎರಡು ಸಲ, ಹಗಲು ರಾತ್ರಿ ಸಮನಾಗುವ ವಿಷುವದ ಆಸುಪಾಸಿನಲ್ಲಿ, ಸೂರ್ಯ ಕೆಲವು ದಿನ ಸರಿಯಾಗಿ ಉಪಗ್ರಹದ ಬೆನ್ನ ಹಿಂದೆ ಹಾದುಹೋಗುತ್ತಾನೆ. ಬೆಳಕಿನ ಹಾಗೆ ರೇಡಿಯೋ ತರಂಗಗಳನ್ನೂ ಚೆಲ್ಲುವ ಸೂರ್ಯನ ಅಬ್ಬರದಲ್ಲಿ ಉಪಗ್ರಹದ ಸಣ್ಣ ದನಿ ಮುಳುಗುತ್ತದೆ. ಶಿರಸಿಯ ಅಕ್ಷಾಂಶಕ್ಕೆ ಈ ಯೋಗ ಕೂಡಿ ಬರುವುದು ಮಾರ್ಚ್ 14ರ ಮತ್ತು ಸೆಪ್ಟೆಂಬರ್ 29ರ ಸುಮಾರಿಗೆ. ಸೆಪ್ಟೆಂಬರಿನ ಲೆಕ್ಕದಲ್ಲಿ ಸಮಯ ಬೆಳಗ್ಗೆ 10.54. ಕಾಗದದ ಮೇಲೆ ಗುಣಾಕಾರ ಮುಗಿಸಿ ಈ ಅಂಕಿ ಬಂದಾಗ ನಾನು ಅದನ್ನು ಎರಡು ಸಲ ಸರಿನೋಡಿದೆ.

ಸೂರ್ಯನ ಈ ಅಡ್ಡಿ ಎಲ್ಲ ಮನೆಗಳಿಗೂ ಇರುವಂಥದ್ದು, ಅದಕ್ಕೆ ರಿಪೇರಿ ಇಲ್ಲ. ಆದರೆ ಸಿಗ್ನಲ್ಲಿಗೆ ಸಾಕಷ್ಟು ಬಲವಿರುವ ಕಡೆ ಅದು ಗೊತ್ತೇ ಆಗದೆ ದಾಟಿಹೋಗಬಹುದು. ಆರು ನಿಮಿಷ ಚಿತ್ರವೇ ಹೋಗುತ್ತದೆಂದರೆ ಈ ಮನೆಯ ಸಿಗ್ನಲ್ ಮೊದಲೇ ಅಂಚಿನಲ್ಲಿ ನಿಂತಿರಬೇಕು ಎಂಬ ಸಂಶಯಕ್ಕೆ ಅದು ಎಡೆಮಾಡಿತು.

ಸೂರ್ಯ ನಮಗೆ ಮಾಡಿದ ದೊಡ್ಡ ಉಪಕಾರ ಮಾವಿನ ಮರದ ವಿಷಯದಲ್ಲಿ. ಸೆಪ್ಟೆಂಬರ್ 29ರ 10.54ಕ್ಕೆ ಸೂರ್ಯ ಉಪಗ್ರಹದ ನೇರಕ್ಕೇ ಇದ್ದನೆಂದಾದರೆ, ಮರ ಅಡ್ಡವಿದೆಯೇ ಎಂಬುದನ್ನು ನೆರಳೇ ಹೇಳಬೇಕು. ನಾನು ನೋಡುವ ದಿನ ಅಕ್ಟೋಬರ್ 5. ಸೂರ್ಯ ಎರಡು ಡಿಗ್ರಿಗಿಂತ ತುಸು ಹೆಚ್ಚು ದಕ್ಷಿಣಕ್ಕೆ, ಅಂದರೆ ಆ ಗೆರೆಗಿಂತ ಕೆಳಗೆ ಸರಿದಿದ್ದ. ಮಳೆ ಬಿಟ್ಟು ಬಿಸಿಲು ಬಿದ್ದಿತ್ತು. 10.50ಕ್ಕೆ ಡಿಶ್‌ನ ಮೇಲೆ ಮರದ ಒಂದು ಎಲೆಯ ನೆರಳೂ ಇರಲಿಲ್ಲ. ಕೆಳಗಿನ ಗೆರೆಗೇ ಅಡ್ಡವಿಲ್ಲದ ಮರ ಮೇಲಿನ ಗೆರೆಗೆ ಅಡ್ಡವಾಗಲಾರದು. ಡಿಶ್ಶಿನ ಮೈಗೆ ಒಂದು ಚೊಂಬು ನೀರು ಎರಚಿ ಹೊಳಪು ಬರಿಸಿ, ಎಲ್‌ಎನ್‌ಬಿಯ ಬಳಿ ಬಿಳಿ ಕಾಗದ ಹಿಡಿದಾಗ ಬೆಳಕಿನ ಮಚ್ಚೆ ಅದರ ಬಾಯಿಗಿಂತ ಒಂದೆರಡು ಸೆಂಟಿಮೀಟರ್ ಮೇಲೆ ಬಿತ್ತು. ಆರು ದಿನ ಮುಂಚೆ ಅದು ಬಾಯಿಯ ಮೇಲೆಯೇ ಬೀಳುತ್ತಿತ್ತು. ಡಿಶ್ ನೆಟ್ಟಗಿದೆ ಎಂಬುದಕ್ಕೂ ಅದೇ ರುಜುವಾತು.

"ಮಾವ, ನೀವು ನೋಡಿದ ದಿಕ್ಕು ತಪ್ಪಲ್ಲ, ಎತ್ತರ ತಪ್ಪು" ಎಂದೆ. ಮನೆಗಳ ಮೇಲಿನ ಡಿಶ್‌ಗಳು ಆಫ್‌ಸೆಟ್ ಜಾತಿಯವು. ಅವುಗಳ ಮುಖ ಎತ್ತ ನೋಡುತ್ತದೆ ಎಂದು ಕಣ್ಣಿಗೆ ಕಾಣುತ್ತದೆಯೋ ಅದಕ್ಕಿಂತ ಇಪ್ಪತ್ತು ಇಪ್ಪತ್ತೈದು ಡಿಗ್ರಿ ಮೇಲಿನಿಂದ ಅವು ಸಿಗ್ನಲ್ ಹಿಡಿಯುತ್ತವೆ. ಮಾವಿನ ಮರದ ನೆತ್ತಿಯನ್ನೇ ದಿಟ್ಟಿಸುತ್ತಿರುವ ಹಾಗೆ ಕಾಣುವ ಈ ಡಿಶ್ ನಿಜವಾಗಿ ಅದರ ಬಹಳ ಮೇಲಿನ ಆಕಾಶವನ್ನು ನೋಡುತ್ತಿತ್ತು. ಎಂಟು ಮೀಟರ್ ದೂರದ ಮರ ಅಡ್ಡ ಬರಬೇಕಾದರೆ ಡಿಶ್ಶಿಗಿಂತ ಹದಿನೈದು ಮೀಟರ್ ಎತ್ತರಕ್ಕೆ ಬೆಳೆದಿರಬೇಕು. ಈ ಮರ ಅದರ ಅರ್ಧವೂ ಇಲ್ಲ. ಮಾವ ಬಹಳ ಹೊತ್ತು ಕತ್ತೆತ್ತಿ ನೋಡಿ, ಆಳಿಗೆ ಬರಬೇಡವೆಂದು ಹೇಳಿ ಕಳಿಸಿದರು.

ಮಳೆಯ ಪಾಲು

ಮಳೆ ಸುರಿಯುವಾಗ ಚಿತ್ರ ಹೋಗುವುದು ಈ ತರಂಗಗಳ ಸ್ವಭಾವ. ಇವುಗಳ ಉದ್ದ ಸುಮಾರು 26 ಮಿಲಿಮೀಟರ್. ದಪ್ಪ ಹನಿಗಳ ಮಳೆ ಇವನ್ನು ಹೀರಿ ಚದುರಿಸುತ್ತದೆ. ಮೋಡ ಸರಿದ ಕೆಲವೇ ನಿಮಿಷಗಳಲ್ಲಿ ಚಿತ್ರ ಮರಳಬೇಕು. 30ರ ರಾತ್ರಿಯ ಮುಕ್ಕಾಲು ನಿಮಿಷದ ಒಡಕು ಆ ಬಗೆಯದು. ಮಳೆ ನಿಂತು ಹನ್ನೆರಡು ಗಂಟೆಯಾದರೂ ಬಾರದೆ, ಮಧ್ಯಾಹ್ನದ ಬಿಸಿಲು ಕಾದ ಮೇಲೆ ಮರಳುವ ವಾಹಿನಿಗಳ ಕಥೆ ಬೇರೆ. ಆಕಾಶ ಒಣಗಲು ಅಷ್ಟು ಹೊತ್ತು ಬೇಡ. ಒಣಗಬೇಕಾದ್ದು ಇನ್ನೇನೋ ಇದೆ.

5ರ ಬೆಳಗ್ಗೆ ಬಾಕ್ಸಿನ ಪರದೆಯಲ್ಲಿ ಸ್ಟ್ರೆಂತ್ 85, ಕ್ವಾಲಿಟಿ 41 ಎಂದಿತ್ತು. ಈ ಶೇಕಡಾ ಅಂಕಿಗಳಿಗೆ ಯಾವ ಅಳತೆಗೋಲೂ ಇಲ್ಲ, ಒಂದು ಬಾಕ್ಸಿನ 41 ಇನ್ನೊಂದರ 60 ಆಗಬಹುದು. ಅದೇ ಬಾಕ್ಸಿನಲ್ಲಿ ಹೋಲಿಸಿ ನೋಡಲು ಮಾತ್ರ ಅವು ಯೋಗ್ಯ. ಸ್ಟ್ರೆಂತ್ ಎಂದರೆ ಸದ್ದೂ ಗದ್ದಲವೂ ಸೇರಿ ಒಟ್ಟು ಎಷ್ಟು ಬರುತ್ತಿದೆ ಎಂಬುದು, ಕ್ವಾಲಿಟಿ ಎಂದರೆ ಅದರಲ್ಲಿ ಅರ್ಥವಾಗುವಂಥದ್ದು ಎಷ್ಟು ಎಂಬುದು. ಮೊದಲನೆಯದನ್ನು ನೋಡಿ ಸಮಾಧಾನಪಟ್ಟುಕೊಳ್ಳುವುದೇ ಹೆಚ್ಚಿನ ಕಡೆ ನಡೆಯುವ ತಪ್ಪು. ಮಾಯವಾಗಿದ್ದ ವಾಹಿನಿಗಳೆಲ್ಲ 11,630 ಮೆಗಾಹರ್ಟ್ಸ್‌ನ ಒಂದೇ ಗುಂಪಿನವು, 11,090ರ ಗುಂಪು ಬರುತ್ತಲೇ ಇತ್ತು. ಎಲ್‌ಎನ್‌ಬಿ ಇವುಗಳಿಂದ 9,750 ಕಳೆದು ಕೆಳಗೆ ಕಳಿಸುವುದರಿಂದ, ಕೇಬಲಿನಲ್ಲಿ ಹರಿಯುವಾಗ ಅವು 1,880 ಮತ್ತು 1,340 ಆಗಿರುತ್ತವೆ. ಕಂಪನ ಹೆಚ್ಚಿದಷ್ಟೂ ಕೇಬಲಿನಲ್ಲಿ ಸೋರಿಕೆ ಹೆಚ್ಚು; ಒದ್ದೆಯಾದ ಕೇಬಲಿನಲ್ಲಿ ಇನ್ನೂ ಹೆಚ್ಚು. ಮೇಲಿನ ಗುಂಪು ಮೊದಲು ಹೋಗುವುದು ಕೇಬಲಿನತ್ತ ಬೆರಳು ತೋರಿಸುವ ಲಕ್ಷಣ.

ಬಾಕ್ಸನ್ನು ಪ್ಲಗ್ಗಿನಿಂದಲೇ ತೆಗೆದು, ಮಾವನ ಹಳೆಯ ಪುಟ್ಟ ಟಿವಿಯ ಜೊತೆ ಕೊಟ್ಟಿಗೆಗೆ ಒಯ್ದು, ನಾನು ತಂದಿದ್ದ ಎರಡು ಮೀಟರ್ ಕೇಬಲಿನಿಂದ ನೇರವಾಗಿ ಎಲ್‌ಎನ್‌ಬಿಗೆ ಜೋಡಿಸಿದ ಮೇಲೆ ಕರೆಂಟು ಕೊಟ್ಟೆ. ಕರೆಂಟು ಇರುವಾಗಲೇ ಕೇಬಲ್ ತಿರುವುತ್ತ ಕುಳಿತರೆ, ಅದರಲ್ಲಿ ಎಲ್‌ಎನ್‌ಬಿಗಾಗಿ ಹೋಗುವ 13 ಅಥವಾ 18 ವೋಲ್ಟ್ ಎಲ್ಲಾದರೂ ತಾಗಿ ಬಾಕ್ಸ್ ಸುಡುವ ಭಯವಿದೆ. ಕ್ವಾಲಿಟಿ ಒಮ್ಮೆಲೇ 74ಕ್ಕೆ ಏರಿತು. ದನಗಳ ಎದುರು ಎಲ್ಲ ವಾಹಿನಿಗಳೂ ಬಂದವು. ಅಲ್ಲಿಗೆ ಡಿಶ್, ಎಲ್‌ಎನ್‌ಬಿ, ಬಾಕ್ಸ್ ಮೂರೂ ನಿರ್ದೋಷಿಗಳು. ಹಿಂದೆ ಬದಲಿಸಿದ ಎಲ್‌ಎನ್‌ಬಿಯ ದುಡ್ಡು ದಂಡ.

ಹಳೆಯ ಕೇಬಲಿನ ಮೇಲ್ತುದಿಯ ಕನೆಕ್ಟರ್ ಬಿಚ್ಚಿದಾಗ ಒಂದು ಹನಿ ಕಂದು ನೀರು ನನ್ನ ಅಂಗೈಗೆ ಬಿತ್ತು. ನಡುವಿನ ತಂತಿಯ ತಾಮ್ರದ ಲೇಪ ಸವೆದು ಒಳಗಿನ ಉಕ್ಕು ತುಕ್ಕು ಹಿಡಿದಿತ್ತು, ಸುತ್ತಲಿನ ಅಲ್ಯೂಮಿನಿಯಂ ಹೆಣಿಗೆ ಬಿಳಿ ಪುಡಿಯಾಗಿತ್ತು. ಕೇಬಲ್ ಎಲ್‌ಎನ್‌ಬಿಯಿಂದ ಸೀದಾ ಕೆಳಗಿಳಿಯುವಾಗ ಅದಕ್ಕೊಂದು ಜೋಲು ಬಿಟ್ಟಿರಲಿಲ್ಲ. ಸಾಧಾರಣ ಕಪ್ಪು ಟೇಪ್ ಸುತ್ತಿದ್ದರು, ಅದು ಬಿಸಿಲಿಗೆ ಬಿರಿದು ನೀರನ್ನು ತಡೆಯುವ ಬದಲು ಒಳಗೇ ಹಿಡಿದಿಟ್ಟಿತ್ತು. ಇನ್ನು ಹೆಣಿಗೆಯ ಸಂದುಗಳಲ್ಲಿ ನೀರು ದೀಪದ ಬತ್ತಿಯಲ್ಲಿ ಎಣ್ಣೆ ಏರುವ ಹಾಗೆ ಹರಡುತ್ತದೆ. ಎಷ್ಟು ದೂರ ಹರಡಿದೆ ಎಂದು ಕೇಬಲನ್ನು ಒಂದೊಂದು ಅಡಿ ಕತ್ತರಿಸುತ್ತ ಹೋದೆ. ನಾಲ್ಕನೆಯ ತುಂಡಿನ ನಂತರ ಹೆಣಿಗೆ ಹೊಳಪಾಗಿ ಕಂಡಿತು. ಆದರೂ ಅರ್ಧ ಹಾಳಾದ ಕೇಬಲನ್ನು ಉಳಿಸಿಕೊಳ್ಳುವುದು ಬೇಡವೆಂದು, ಶಿರಸಿಯಿಂದ ಹೊಸ ಕೇಬಲ್ ತಂದು, ಒತ್ತಿ ಕೂರಿಸುವ ಬಗೆಯ ಕನೆಕ್ಟರ್ ಹಾಕಿ, ತನಗೆ ತಾನೇ ಬೆಸೆದುಕೊಳ್ಳುವ ರಬ್ಬರ್ ಟೇಪನ್ನು ಕೆಳಗಿನಿಂದ ಮೇಲಕ್ಕೆ, ಹೆಂಚು ಹೊದೆಸಿದ ಕ್ರಮದಲ್ಲಿ ಸುತ್ತಿದೆ. ಎಲ್‌ಎನ್‌ಬಿಯ ಕೆಳಗೂ ಗೋಡೆಯೊಳಗೆ ಹೋಗುವ ಮೊದಲೂ ಒಂದೊಂದು ಜೋಲು ಬಿಟ್ಟೆ. ನೀರು ಅದರ ತಳದಿಂದ ತೊಟ್ಟಿಕ್ಕಿ ಹೋಗಲಿ ಎಂದು.

ಜಗಲಿಯಲ್ಲಿ ಕ್ವಾಲಿಟಿ 72ಕ್ಕೆ ನಿಂತಿತು. ಹೊಸ ಪೆನ್‌ಡ್ರೈವನ್ನು ಬಾಕ್ಸಿಗೆ ಹಾಕುವ ಮೊದಲು ರಾತ್ರಿಯಿಡೀ ತುಂಬಿಸಿ ಓದಿಸಿ ನೋಡಿದೆವು, ಅದು ಹೇಳಿದಷ್ಟು ಜಾಗ ಅದರಲ್ಲಿತ್ತು. 30ರ ಯಕ್ಷಗಾನದ ಉಳಿದ ಐವತ್ತು ನಿಮಿಷ ಎಲ್ಲಿಯೂ ಬರೆದಿಟ್ಟಿರಲಿಲ್ಲವಾದ್ದರಿಂದ ಅದನ್ನು ಮರಳಿ ಪಡೆಯುವ ದಾರಿ ಇರಲಿಲ್ಲ. ಅಳಿಸಿದ ಕಡತವನ್ನು ಹುಡುಕಿ ತೆಗೆಯುವ ತಂತ್ರಾಂಶವಿದೆಯಲ್ಲ ಎಂದು ಅತ್ತೆ ಕೇಳಿದರು. ಇದು ಅಳಿಸಿದ್ದಲ್ಲ, ಬರೆದೇ ಇರದದ್ದು.

ಅಕ್ಟೋಬರಿನ ಸಂಜೆಯ ಗುಡುಗು ಮಳೆಗಳಲ್ಲಿ ಎರಡು ಸಲ ಚಿತ್ರ ಹೋಯಿತಂತೆ, ಎರಡು ಸಲವೂ ಮಳೆ ನಿಂತೊಡನೆ ಮರಳಿತು. ಈ ಮಾರ್ಚ್ 14ರ ದಿನಾಂಕವನ್ನು ಅತ್ತೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ ಬಂದಿದ್ದೆ. ಮಾರ್ಚ್‌ನಲ್ಲಿ ಆ ಹೊತ್ತು ಸ್ವಲ್ಪ ತಡವಾಗಿ, 11.13ಕ್ಕೆ ಬರುತ್ತದೆ. ಅಂದು ಅವರು ಕ್ವಾಲಿಟಿಯ ಪರದೆ ತೆರೆದಿಟ್ಟುಕೊಂಡು ಅಂಗಳದ ಮೂಲೆಗೂ ಜಗಲಿಗೂ ಓಡಾಡುತ್ತ ಫೋನಿನಲ್ಲಿ ಅಂಕಿ ಹೇಳಿದರು: 11.05ಕ್ಕೆ 71, 11.10ಕ್ಕೆ 58, 11.14ಕ್ಕೆ 49, 11.20ಕ್ಕೆ ಮತ್ತೆ 70. ಚಿತ್ರ ಒಡೆಯಲಿಲ್ಲ.